ಕಸದಲ್ಲಿ ರಬ್ಬರಿನ ಪುಡಿ

ನಾನು ಏನು ಕೆಲಸ ಮಾಡುತ್ತೇನೆಂದು ಬೈಲಹೊಂಗಲದಲ್ಲಿ ಯಾರಾದರೂ ಕೇಳಿದರೆ ಮೊದಮೊದಲು ಕುಳಿತು ವಿವರಿಸುತ್ತಿದ್ದೆ. ಕಾಮಿಕ್ಸ್ ಅಂದರೆ ಚಿತ್ರದಲ್ಲಿ ಹೇಳುವ ಕತೆ, ಚೌಕ ಚೌಕದೊಳಗೆ ಚಿತ್ರ, ಬಾಯಿಂದ ಒಂದು ಗುಳ್ಳೆ ಹೊರಟು ಅದರಲ್ಲಿ ಮಾತು, ಅದನ್ನು ಬರೆಯುವವಳು ನಾನು ಅಂತ. ಎಲ್ಲ ಕೇಳಿಸಿಕೊಂಡು ಕಡೆಗೆ, "ಅಂದ್ರ ನೌಕರಿ ಅಲ್ಲೇನವಾ?" ಎನ್ನುತ್ತಿದ್ದರು. ಈಗ ವಿವರಿಸುವುದನ್ನು ಬಿಟ್ಟಿದ್ದೇನೆ. "ಮನ್ಯಾಗ ಕುಂತು ಮಂಗ್ಯಾನ ಚಿತ್ರ ತಗೀತೇನ್ರಿ" ಎಂದುಬಿಡುತ್ತೇನೆ. ಅವರಿಗೂ ಸಮಾಧಾನ, ನನಗೂ ಅಷ್ಟು ಹೊತ್ತು ಉಳಿಯುತ್ತದೆ.

ಯಾರ ಕೈಕೆಳಗೂ ಇರದೆ ಬಿಡಿ ಕೆಲಸ ಹಿಡಿದು ಬದುಕುವವರಿಗೆ ಒಂದು ರೋಗವಿರುತ್ತದೆ. ಬಂದ ಕೆಲಸಕ್ಕೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಇವತ್ತು ಬೇಡ ಎಂದರೆ ನಾಳೆ ಅವರು ನನ್ನನ್ನು ಮರೆತೇಬಿಡುತ್ತಾರೆ ಎಂಬ ಹೆದರಿಕೆ. ಹೀಗಾಗಿ ನಾನು ಹೇಳುತ್ತಿರುವ ದಿನಗಳಲ್ಲಿ ನನ್ನ ಮೇಜಿನ ಮೇಲೆ ಮೂರು ಕಡೆಯ ಕೆಲಸ ಒಟ್ಟಿಗೆ ಬಿದ್ದಿತ್ತು. ಬೆಂಗಳೂರಿನ ಒಂದು ಮಕ್ಕಳ ಪತ್ರಿಕೆಗೆ ತಿಂಗಳು ತಿಂಗಳು ತುಂಟ ಕತ್ತೆಮರಿಯ ಕತೆ. ಮುಂಬಯಿಯ ಪ್ರಕಾಶಕರೊಬ್ಬರಿಗೆ ಕೋಟೆ, ಕುದುರೆ, ಖಡ್ಗಗಳ ದೊಡ್ಡ ಪುಸ್ತಕ. ಇನ್ನೊಬ್ಬ ಪರದೇಶದ ಲೇಖಕ, ಅವನ ಮುಖವನ್ನು ನಾನು ಈವರೆಗೆ ನೋಡಿಲ್ಲ. ಅವನು ಇಂಟರ್ನೆಟ್ಟಿನಲ್ಲಿ ವಾರವಾರ ಹಾಕುವ ಬಾಹ್ಯಾಕಾಶದ ಪತ್ತೇದಾರಿ ಕತೆ. ಬೆಳಿಗ್ಗೆ ಕತ್ತೆ, ಮಧ್ಯಾಹ್ನ ಕುದುರೆ, ಸಂಜೆ ರಾಕೆಟ್. ಒಮ್ಮೆ ಗಡಿಬಿಡಿಯಲ್ಲಿ ಪತ್ತೇದಾರನ ಸೊಂಟಕ್ಕೆ ಖಡ್ಗ ಕಟ್ಟಿ ಕಳಿಸಿಬಿಟ್ಟೆ. ಆ ಪುಣ್ಯಾತ್ಮ ಬಹಳ ಹೊಸ ಕಲ್ಪನೆ ಎಂದು ಮೆಚ್ಚಿ ಉತ್ತರ ಬರೆದ.

ಇಷ್ಟನ್ನೂ ಎಳೆಯುತ್ತಿದ್ದವಳು ನಾನೊಬ್ಬಳೇ ಅಲ್ಲ. ನಾವಿಬ್ಬರು, ನಾನು ಮತ್ತು ನನ್ನ ಅಕ್ಕ.

ನಮ್ಮ ಕೆಲಸದ ರೀತಿ ಹೀಗಿತ್ತು. ನಾನು ಪೆನ್ಸಿಲಿನಲ್ಲಿ ಪುಟ ಬರೆಯುತ್ತಿದ್ದೆ. ಅಕ್ಕ ಆ ಗೆರೆಗಳ ಮೇಲೆ ನಿಬ್ಬಿನ ಪೆನ್ನಿನಿಂದ ಕರಿ ಶಾಯಿ ಎಳೆಯುತ್ತಿದ್ದಳು. ಶಾಯಿ ಒಣಗಿದ ಮೇಲೆ ನಾನು ಇಡೀ ಪುಟಕ್ಕೆ ರಬ್ಬರ್ ಹಾಕಿ ಅಡಿಯ ಪೆನ್ಸಿಲನ್ನು ಅಳಿಸಬೇಕು. ಆಗ ಶಾಯಿಯ ಗೆರೆಯೊಂದೇ ಉಳಿಯುತ್ತದೆ, ಅಚ್ಚಾಗುವುದೂ ಅದೇ. ಆಮೇಲೆ ಪುಟಗಳನ್ನು ಬಜಾರದ ಫೋಟೊ ಸ್ಟುಡಿಯೊಕ್ಕೆ ಒಯ್ದು ಸ್ಕ್ಯಾನ್ ಮಾಡಿಸಿ ಕಳಿಸುವುದು. ರಬ್ಬರ್ ಹಾಕದ ಪುಟ ಸ್ಕ್ಯಾನಿಗೆ ನಡೆಯುವುದಿಲ್ಲ, ಗೆರೆಯ ಪಕ್ಕದಲ್ಲೆಲ್ಲ ಮಸಿ ಮೆತ್ತಿದ ಹಾಗೆ ಕಾಣುತ್ತದೆ. ಹೀಗೆ ರಬ್ಬರ್ ತಿಕ್ಕಿದಾಗ ಉದುರುವ ಕರಿ ಪುಡಿ ಇರುತ್ತದಲ್ಲ, ಅದು ನಮ್ಮ ಮನೆಯಲ್ಲಿ ಇರದ ಜಾಗವಿರಲಿಲ್ಲ. ಚಾಪೆಯಲ್ಲಿ, ಹಾಸಿಗೆಯಲ್ಲಿ, ಒಮ್ಮೊಮ್ಮೆ ರೊಟ್ಟಿಯ ಬುಟ್ಟಿಯಲ್ಲೂ. ಬೆಳಿಗ್ಗೆ ಕಸ ಹೊಡೆಯುವುದು ಅಕ್ಕನ ಪಾಲಿನ ಕೆಲಸ. "ಇದೇನು ಮನಿಯೋ ರಬ್ಬರಿನ ಗಿರಣಿಯೋ? ಸುಡಗಾಡು ಪುಡಿ, ಎಷ್ಟ ಹೊಡದ್ರೂ ಕಾಲಿಗೆ ಹತ್ತತೈತಿ!" ಎಂದು ಬೈಯುತ್ತಲೇ ಕಸಬರಿಗೆ ಆಡಿಸುತ್ತಿದ್ದಳು. ಆ ಬೈಗುಳ ಕಿವಿಗೆ ಬಿದ್ದರೆ ನನಗೆ ಬೆಳಗಾಯಿತು ಎಂದು ಲೆಕ್ಕ.

ಅಕ್ಕ ರಾಮದುರ್ಗದ ಕಡೆ ಸಾಲಹಳ್ಳಿಗೆ ಸೊಸೆಯಾಗಿ ಹೋದವಳು. ಹೊಲಮನೆ ಇದ್ದ ಜನ. ಮಕ್ಕಳಾಗಲಿಲ್ಲ, ಗಂಡ ಇನ್ನೊಬ್ಬಳನ್ನು ತಂದ, ಇವಳು ಒಂದು ಟ್ರಂಕು ಹಿಡಿದುಕೊಂಡು ಬಸ್ಸು ಹತ್ತಿ ಬಂದಳು. ಅಷ್ಟೊತ್ತಿಗೆ ಅಪ್ಪ ಅವ್ವ ಇಬ್ಬರೂ ಇರಲಿಲ್ಲ, ಮನೆಯಲ್ಲಿ ನಾನೊಬ್ಬಳೇ. ಅಲ್ಲಿನವರ ಬಗ್ಗೆ ಕೆಟ್ಟದ್ದೊಂದು ಮಾತನ್ನು ಅವಳು ಇವತ್ತಿಗೂ ಆಡಿಲ್ಲ. ನಾನು ಬೈಯಲು ಹೋದರೆ, "ಬಿಡವಾ, ಅವ್ರ ಮನಿ ಅವ್ರಿಗೆ" ಎನ್ನುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ. ಅವಳ ಸಿಟ್ಟನ್ನೂ ನಾನೇ ಮಾಡಬೇಕು ನೋಡಿ ಈ ಮನೆಯಲ್ಲಿ.

ಆ ಟ್ರಂಕಿನಲ್ಲಿ ಸೀರೆಗಿಂತ ಹೆಚ್ಚು ಕಸೂತಿಯ ಸೂಜಿ, ದಾರಗಳಿದ್ದವು. ಇಳಕಲ್ ಸೀರೆಗೆ ಅವಳು ಹಾಕುತ್ತಿದ್ದ ಕಸೂತಿಯನ್ನು ಹೆಂಗಸರು ಮೊದಲು ಹಿಂದೆ ತಿರುಗಿಸಿ ನೋಡುತ್ತಿದ್ದರು. ಮುಂದೆ ಹೇಗೋ ಹಿಂದೆಯೂ ಹಾಗೆಯೇ ಇರಬೇಕು, ಎಲ್ಲೂ ಗಂಟು ಕಾಣಬಾರದು. ಒಂದು ದಿನ ನಾನು ಜ್ವರದಲ್ಲಿ ಬಿದ್ದಿದ್ದೆ. ಕತ್ತೆಮರಿಯ ಪುಟಗಳು ಪೆನ್ಸಿಲಿನಲ್ಲೇ ನಿಂತಿದ್ದವು, ಬೆಂಗಳೂರಿನಿಂದ ಫೋನು ಹೊಡೆದುಕೊಳ್ಳುತ್ತಿತ್ತು. ಅಕ್ಕ ಬಂದು ಮೇಜಿನ ಮೇಲೆ ಬಗ್ಗಿ ನೋಡಿ, "ನೀ ಎಳದದ್ದರ ಮ್ಯಾಲ ಎಳೀಬೇಕು, ಅಷ್ಟ ಹೌದಿಲ್ಲೊ? ಕೊಡ ಇಲ್ಲೆ" ಅಂದಳು. ನನ್ನ ಪೆನ್ಸಿಲಿನ ಕತ್ತೆ ಕತ್ತೆಯ ಹಾಗಿತ್ತು, ಅಷ್ಟೇ. ಅವಳ ಶಾಯಿ ಬಿದ್ದ ಮೇಲೆ ಅದು ಒದೆಯುವ ಕತ್ತೆಯಾಯಿತು. ಗೆರೆ ಬೆನ್ನಿನ ಮೇಲೆ ದಪ್ಪಗಾಗಿ ಹೊಟ್ಟೆಯ ಕೆಳಗೆ ಕೂದಲಿನಷ್ಟು ಸಣ್ಣಗಾಗಿ ಹರಿದಿತ್ತು. ಪತ್ರಿಕೆಯ ಸಂಪಾದಕರು ಮರುದಿನವೇ ಫೋನು ಮಾಡಿ, "ಲೈನ್ ಬದಲಾಗಿದೆಯಲ್ಲ, ಏನು ಮಾಡಿದಿರಿ? ಇನ್ನು ಮುಂದೆ ಇದೇ ಇರಲಿ" ಎಂದರು.

ಮುಂದೆ ಅದೇ ಇತ್ತು. ಮುಂಬಯಿಯವರೂ ಪರದೇಶದವನೂ ನನ್ನನ್ನು ಹುಡುಕಿಕೊಂಡು ಬಂದದ್ದು ಆ ಗೆರೆಯನ್ನು ನೋಡಿ. ಪುಸ್ತಕದಲ್ಲಿ ಅಕ್ಕನ ಹೆಸರನ್ನೂ ಹಾಕಿಸುತ್ತೇನೆ ಎಂದರೆ ಕೈ ಮುಗಿದಳು. "ಬ್ಯಾಡ ಮಾರಾಯ್ತಿ. ಸಾಲಹಳ್ಳ್ಯಾಗ ಯಾರರ ನೋಡಿ ನಗಬೇಕೇನು? ನಿಂದೊಂದ ಇರ್ಲಿ." ಹೀಗಾಗಿ ಗೆರೆ ಅವಳದು, ಹೆಸರು ನನ್ನದು.

ಕಣ್ಣಿನ ತೊಂದರೆ ಶುರುವಾದದ್ದು ನಮಗೆ ಗೊತ್ತೇ ಆಗಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದಳು. ಬದಿಗಿಟ್ಟ ಚಹಾದ ಕಪ್ಪು ಕೈ ತಾಗಿ ಉರುಳುತ್ತಿತ್ತು. "ನೀ ಸಾಮಾನು ಎಲ್ಲೆ ಬೇಕಲ್ಲೆ ಇಡ್ತೀ" ಎಂದು ನನಗೇ ಬೈಗುಳ. ನಾನೂ ಸುಮ್ಮನಿರುವವಳಲ್ಲ, ತಿರುಗಿ ಬೈದೆ. ಬೆಳಗಾವಿಯ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಗ್ಲಾಕೋಮಾ ಎಂದು ಹೇಳಿದ ದಿನ ಆ ಬೈಗುಳವೆಲ್ಲ ಒಂದೊಂದಾಗಿ ನನ್ನ ನೆನಪಿಗೆ ಬಂತು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನೋಟ ಅಂಚಿನಿಂದ ಸಾಯುತ್ತ ಬರುತ್ತದಂತೆ. ಹೋದದ್ದು ಮರಳಿ ಬರುವುದಿಲ್ಲ; ಹನಿ ಹಾಕಿಕೊಂಡು ಇದ್ದದ್ದನ್ನು ಆದಷ್ಟು ದಿನ ಉಳಿಸಿಕೊಳ್ಳಬೇಕು. "ಬಹಳ ತಡವಾಗಿ ಬಂದಿದ್ದೀರಿ" ಎಂದರು ಡಾಕ್ಟರು. ಅವರ ಮೇಲೂ ಸಿಟ್ಟು ಬಂತು ನನಗೆ. ಯಾರ ಮೇಲಾದರೂ ಬರಲೇಬೇಕಿತ್ತು.

ಮರಳಿ ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದೆ. "ಅಳಬ್ಯಾಡ, ಮಂದಿ ನೋಡ್ತಾರ" ಅಂದಳು ಅಕ್ಕ. ಸಂಪಗಾಂವ ದಾಟಿದ ಮೇಲೆ ನನ್ನ ಕೈ ಹಿಡಿದಳು.

"ಒಂದ ಮಾತು ಹೇಳ್ತೇನಿ, ಕೇಳು. ಒಲೀ ಮುಂದ ಹೋಗಬ್ಯಾಡ ಅನ್ನು, ಹೋಗಂಗಿಲ್ಲ. ಒಬ್ಬಾಕೀನ ರಸ್ತೇಕ ಹೋಗಬ್ಯಾಡ ಅನ್ನು, ಹೋಗಂಗಿಲ್ಲ. ಆದ್ರ ಕೈಯಾಗಿನ ಪೆನ್ನು ಕಸಗೋಬ್ಯಾಡ. ಅದೂ ಹೋತಂದ್ರ ನಾ ಈ ಮನ್ಯಾಗ ಬರೇ ಉಣ್ಣಾಕಿ ಆಕ್ಕೇನಿ."

"ಕಸಗೊಳ್ಳಂಗಿಲ್ಲ ಅಕ್ಕಾ" ಎಂದೆ.

"ನನ್ನ ಮ್ಯಾಲ ಆಣಿ ಮಾಡು."

ಬಸ್ಸಿನಲ್ಲೇ ಅವಳ ತಲೆ ಮುಟ್ಟಿ ಆಣೆ ಮಾಡಿದೆ. ಆವತ್ತಿನಿಂದ ಅಡುಗೆ ನನ್ನ ಪಾಲಿಗೆ ಬಂತು. ಮೂರು ಕಡೆಯ ಕೆಲಸದ ನಡುವೆ ಅದೊಂದು ಸೇರಿತು. ನನ್ನ ಅಡುಗೆ ಹೇಗಿರುತ್ತದೆಂದು ಕೇಳಲೇಬೇಡಿ. ಪಾಪ, ಏನು ಮಾಡಿದ್ದೀ ಎಂದು ಅವಳು ಒಂದು ದಿನವೂ ಕೇಳಲಿಲ್ಲ. ತಾಟಿನಲ್ಲಿ ಇದ್ದದ್ದನ್ನು ಉಂಡು, ಕೈ ತೊಳೆದು, ಗೋಡೆ ಹಿಡಿದುಕೊಂಡು ಮತ್ತೆ ಮೇಜಿಗೆ ಹೋಗುತ್ತಿದ್ದಳು. ಶಾಯಿ ಹತ್ತಿದ ಬೆರಳು ಎಷ್ಟು ತೊಳೆದರೂ ಕರ್ರಗೇ ಇರುತ್ತಿತ್ತು.

ನೋಟ ಇನ್ನಷ್ಟು ಕಿರಿದಾದಾಗ ದಾರಿ ಕಂಡುಹಿಡಿದವಳೂ ಅವಳೇ. "ಪೆನ್ಸಿಲ್ ಒತ್ತಿ ಎಳಿ" ಅಂದಳು. "ಹಾಳ್ಯಾಗ ತಗ್ಗು ಬೀಳಬೇಕು. ಗಾಡೀಗಾಲಿ ಹೋದ ದಾರ್ಯಾಗ ಗಾಡಿ ತಾನ ಹೋಗತೈತಿ ನೋಡು, ಹಂಗ ನಿಬ್ಬು ತಾನ ಹೋಗತೈತಿ." ಗಟ್ಟಿ ಪೆನ್ಸಿಲು, ದಪ್ಪ ಹಾಳೆ ತಂದೆ. ಮೈಭಾರವೆಲ್ಲ ಕೈಗೆ ಬಿಟ್ಟು ಒತ್ತಿ ಎಳೆಯತೊಡಗಿದೆ. ಅಕ್ಕ ಶಾಯಿ ಹಾಕುವ ಮೊದಲು ಹಾಳೆಯನ್ನು ಬೋರಲು ಹಾಕಿಕೊಂಡು, ಹಿಂಬದಿಯಲ್ಲಿ ಉಬ್ಬಿದ ಗೆರೆಗಳನ್ನು ಕಸೂತಿಯ ಹಿಂಬದಿ ನೋಡುವ ಹಾಗೆ ಬೆರಳ ತುದಿಯಿಂದ ಸವರುತ್ತಿದ್ದಳು. "ಇದು ಕುದರಿ. ಇದು ಕೋಟೀ ಗ್ವಾಡಿ. ಇಂವ ಯಾಕ ಇಷ್ಟಗಲ ಬಾಯಿ ತಗದಾನ?" ಎಂದು ಕೇಳುತ್ತ ಪುಟ ಪೂರ್ತಿ ತಿಳಿದುಕೊಂಡ ಮೇಲೆಯೇ ತಿರುಗಿಸಿ ನಿಬ್ಬು ಅದ್ದುತ್ತಿದ್ದಳು. ಒಂದು ಮಳೆಗಾಲ, ಒಂದು ಚಳಿಗಾಲ ಹೀಗೆ ನಡೆಯಿತು. ಗೆರೆ ಚೂರೂ ಕೆಡಲಿಲ್ಲ. ದೇವರು ದಿಂಡರು ಅಷ್ಟಾಗಿ ನಂಬದ ನಾನು ಆಗ ದಿನಾಲೂ ದೀಪ ಹಚ್ಚುತ್ತಿದ್ದೆ.

ಮುಂಬಯಿಯ ಪುಸ್ತಕಕ್ಕಾಗಿ ಕಿತ್ತೂರಿಗೆ ಹೋಗಿ ಬಂದದ್ದು ಆ ದಿನಗಳಲ್ಲೇ. ಬಿದ್ದ ಗೋಡೆಗಳ ನಡುವೆ ಇಡೀ ದಿನ ಕುಳಿತು, ಕಲ್ಲು, ಗಾರೆ, ನಡುವೆ ಬೆಳೆದ ಗಿಡಗಳನ್ನೆಲ್ಲ ನೋಡಿ ಬರೆದುಕೊಂಡು ಬಂದಿದ್ದೆ. ಮುಂಬಯಿಯ ಸಂಪಾದಕರು ನೋಡಿ, "ಇದೇನು ಇಷ್ಟು ಸಪ್ಪೆ? ಗುಮ್ಮಟ ಹಾಕಿ, ಜಾಲರಿ ಕಿಟಕಿ ಹಾಕಿ, ರಾಜಸ್ಥಾನದ ಹಾಗೆ ಕಾಣಲಿ" ಎಂದರು. ಹಲ್ಲು ಕಚ್ಚಿ ಎಲ್ಲ ಮತ್ತೆ ಬರೆದೆ. ಅಕ್ಕ ಆ ಪುಟದ ಹಿಂಬದಿ ಸವರಿ ಹುಬ್ಬು ಗಂಟಿಕ್ಕಿದಳು. "ಇದು ಯಾವ ಊರ ಕೋಟಿ?"

"ಕಿತ್ತೂರ ಅಂತ."

"ನಾ ಸಣ್ಣಾಕಿದ್ದಾಗ ನೋಡಿದ್ದು ಹಿಂಗಿರಲಿಲ್ಲಲ್ಲ."

"ಇದು ಮುಂಬೈದವ್ರ ಕಿತ್ತೂರ ಅಕ್ಕಾ."

ಸೆರಗು ಬಾಯಿಗೆ ಹಿಡಿದು ನಗಾಡಿ, ಗುಮ್ಮಟಗಳಿಗೆಲ್ಲ ಒಂದೊಂದಾಗಿ ಶಾಯಿ ಹಾಕಿಕೊಟ್ಟಳು. ನಾವಿಬ್ಬರೂ ಕೂಡಿ ಮನಸಾರೆ ನಕ್ಕದ್ದು ಅದೇ ಕೊನೆಯ ಸಲ ಇರಬೇಕು.

ಅದೇ ಪುಸ್ತಕದಲ್ಲಿ ಸೈನ್ಯದ ಪುಟ ಬಂತು. ಗೆರೆಯ ಮೇಲೆ ಗೆರೆ ಹಾಯ್ದ ಕಡೆ ನಿಬ್ಬಿಗೆ ತನ್ನ ತಗ್ಗು ಯಾವುದು, ಬೇರೆಯದು ಯಾವುದು ಎಂದು ತಿಳಿಯಲಿಲ್ಲ. ಸಿಪಾಯಿಯ ಮೀಸೆ ಹೋಗಿ ಕುದುರೆಯ ಲಗಾಮಿಗೆ ಸೇರಿತು. ರಾಣಿಯ ಕಣ್ಣು ಗಲ್ಲದ ಮೇಲೆ ಇಳಿದಿತ್ತು. ನಾನು ಹಾಳೆ ಹಿಡಿದುಕೊಂಡು ನಿಂತೇ ಇದ್ದೆ. ಅಕ್ಕ ನಿಬ್ಬು ಒರೆಸುತ್ತ, "ಹೆಂಗ ಬಂದೈತಿ?" ಎಂದು ಕೇಳಿದಳು. ಮುಖ ನನ್ನ ಕಡೆ ಇತ್ತು, ಆದರೆ ನಾನು ನಿಂತ ಜಾಗಕ್ಕಿಂತ ಒಂದು ಮೊಳ ಆಚೆಗೆ ನೋಡುತ್ತಿದ್ದಳು.

"ಛಲೋ ಬಂದೈತಿ" ಎಂದೆ.

ಹೇಳಬೇಕೆಂದು ಹೇಳಿದ್ದಲ್ಲ, ನಾಲಿಗೆ ತಾನೇ ಹೊರಳಿತು. ಅವಳು ಖುಷಿಯಾಗಿ ಮುಂದಿನ ಹಾಳೆಗೆ ಕೈ ಚಾಚಿದಳು.

ಅಲ್ಲಿಂದ ಪ್ರತಿ ಪುಟವನ್ನೂ ಎರಡು ಸಲ ಮಾಡುವುದು ಶುರುವಾಯಿತು. ಪೆನ್ಸಿಲ್ ಮುಗಿದ ಪುಟವನ್ನು ಅಕ್ಕನಿಗೆ ಕೊಡುವ ಮೊದಲೇ ಸ್ಟುಡಿಯೊಕ್ಕೆ ಒಯ್ದು ಸ್ಕ್ಯಾನ್ ಮಾಡಿ, ಇನ್ನೊಂದು ಹಾಳೆಯ ಮೇಲೆ ತಿಳಿ ನೀಲಿಯಲ್ಲಿ ಅದರ ಪ್ರಿಂಟು ತೆಗೆಯುತ್ತಿದ್ದೆ. ಆ ನೀಲಿಯ ಮೇಲೆ ಶಾಯಿ ಎಳೆದರೆ ಆಯಿತು. ಮರಳಿ ಸ್ಕ್ಯಾನ್ ಮಾಡುವಾಗ ನೀಲಿಯನ್ನು ಕಂಪ್ಯೂಟರೇ ತೆಗೆದುಹಾಕುತ್ತದೆ, ರಬ್ಬರ್ ಬೇಕಿಲ್ಲ. ಸ್ಟುಡಿಯೊದ ಮೇಲಿನ ಖೋಲಿಯಲ್ಲಿ ಕುಳಿತು ನಾನು ಆ ಶಾಯಿ ಎಳೆಯುತ್ತಿದ್ದೆ, ಅದು ಅಚ್ಚಿಗೆ ಹೋಗುತ್ತಿತ್ತು. ಒತ್ತಿ ಬರೆದ ಮೂಲ ಹಾಳೆ ಅಕ್ಕನಿಗೆ. ಅವಳು ಶಾಯಿ ಹಾಕಿ ಕೊಟ್ಟದ್ದನ್ನು ಕಪಾಟಿನ ಮೇಲೆ ಒಟ್ಟುತ್ತಿದ್ದೆ. ಇಷ್ಟು ಹೊತ್ತು ಎಲ್ಲಿ ಹೋಗಿದ್ದೀ ಎಂದರೆ, "ಅವ್ರ ಸ್ಕ್ಯಾನ್ ಮಷೀನು ಹಳೇದಾಗೈತಿ, ಹೊತ್ತು ಹಿಡೀತೈತಿ" ಎನ್ನುತ್ತಿದ್ದೆ.

ಸ್ಟುಡಿಯೊದ ಮಾಲೀಕರು ಅಪ್ಪನ ಗೆಳೆಯರು, ನಾನು ಕಾಕಾ ಎಂದು ಕರೆಯುತ್ತೇನೆ. ಒಂದು ದಿನ ಚಹಾ ತಂದಿಟ್ಟು, "ಎಷ್ಟ ದಿವ್ಸ ನಡಸ್ತೀ ಇದನ್ನ? ಆಕೀಗೆ ಹೇಳಿಬಿಡವಾ" ಎಂದರು.

"ನಿಮ್ಮ ಖೋಲಿ ನನಗ ಕೊಡೂದು ತ್ರಾಸ ಆಗತಿದ್ರ ಹೇಳ್ರಿ ಕಾಕಾ, ಬ್ಯಾರೆ ಕಡೆ ನೋಡಕೋತೇನಿ" ಎಂದು ಹಾರಿಬಿದ್ದೆ.

"ಸಿಟ್ಟಿಗೇಳಬ್ಯಾಡ. ಚಾ ಆರತೈತಿ, ಕುಡಿ" ಎಂದು ಕೆಳಗಿಳಿದು ಹೋದರು. ಹೇಳುವುದು ಸುಲಭ. ತಲೆ ಮುಟ್ಟಿ ಆಣೆ ಮಾಡಿದವಳು ನಾನು.

ಆ ಖೋಲಿಯಲ್ಲಿ ನಾನು ಮಾಡುತ್ತಿದ್ದ ಕೆಲಸ ಏನೆಂದರೆ ಅಕ್ಕನ ಗೆರೆಯ ನಕಲು. ಅವಳ ಹಳೆಯ ಪುಟಗಳನ್ನು ಗೋಡೆಗೆ ಚುಚ್ಚಿಟ್ಟುಕೊಂಡು, ಬೆನ್ನಿನ ಮೇಲೆ ದಪ್ಪ, ಹೊಟ್ಟೆಯ ಕೆಳಗೆ ಸಣ್ಣ ಎಂದು ನೋಡಿ ನೋಡಿ ಎಳೆಯುತ್ತಿದ್ದೆ. ನನ್ನ ಹೆಸರಿನಲ್ಲಿ ಹೆಸರುವಾಸಿಯಾದ ಗೆರೆಯನ್ನು ನಾನೇ ಕದ್ದು ಕಲಿಯಬೇಕಾಗಿತ್ತು. ಕಲಿತೆನೇ? ಇಲ್ಲ. ದಪ್ಪ ಸಣ್ಣ ಬಂತು, ಜೀವ ಬರಲಿಲ್ಲ. ಸಿಕ್ಕಿಬೀಳುತ್ತೇನೆ ಎಂದು ಹೆದರಿ ಕುಳಿತಿದ್ದರೆ ಮುಂಬಯಿಯ ಸಂಪಾದಕರು ಫೋನಿನಲ್ಲಿ, "ಇತ್ತೀಚೆಗೆ ನಿಮ್ಮ ಲೈನು ಬಹಳ ನೀಟಾಗಿದೆ, ಮೊದಲು ಸ್ವಲ್ಪ ಒರಟಾಗಿತ್ತು" ಎಂದು ಹೊಗಳಿದರು. ಅಯ್ಯೋ ನಿಮ್ಮ ಕಣ್ಣಿಗಷ್ಟು ಬೆಂಕಿ ಹಾಕ ಎನ್ನಬೇಕೆಂದು ಬಾಯಿಗೆ ಬಂತು. ಥ್ಯಾಂಕ್ಸ್ ಎಂದು ಫೋನು ಇಟ್ಟು, ಅಲ್ಲೇ ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

ಇತ್ತ ಮನೆಯಲ್ಲಿ ಅಕ್ಕನ ಕೈ ಚುರುಕಾಗುತ್ತ ಹೋಯಿತು. ನೋಡುವ ಗೋಜೇ ಇಲ್ಲವಾದ ಮೇಲೆ ಬೆರಳಿನ ಆಧಾರದ ಮೇಲೆಯೇ ಸರಸರ ಎಳೆಯುತ್ತಿದ್ದಳು. "ಈಗ ಕೈ ಹತ್ತೇತಿ ನೋಡು, ಇನ್ನೆರಡು ಹಾಳಿ ಕೊಡು. ಬಂದ ಕೆಲಸ ಯಾವದನ್ನೂ ಬ್ಯಾಡ ಅನಬ್ಯಾಡ, ನಾ ಅದೇನಿ" ಎನ್ನುತ್ತಿದ್ದಳು. ಅವಳು ಬೇಗ ಮುಗಿಸಿದಷ್ಟೂ ನಾನು ಹಿಂದೆ ಬೀಳುತ್ತಿದ್ದೆ. ಅವಳಿಗಾಗಿ ಒತ್ತಿ ಬರೆಯಬೇಕು, ಅದನ್ನೇ ಅಲ್ಲಿ ಹೋಗಿ ಮತ್ತೆ ಎಳೆಯಬೇಕು, ನಡುವೆ ರೊಟ್ಟಿ ತಟ್ಟಬೇಕು, ಅವಳ ಕಣ್ಣಿಗೆ ಹನಿ ಹಾಕಬೇಕು. ಒತ್ತಿ ಒತ್ತಿ ಹೆಬ್ಬೆರಳಿನ ಬುಡದಿಂದ ಮೊಳಕೈವರೆಗೆ ಸೂಜಿ ಚುಚ್ಚಿದಂತೆ ನೋವು. ಚಹಾದ ಬಟ್ಟಲು ಎರಡೂ ಕೈಯಿಂದ ಹಿಡಿಯುವ ಸ್ಥಿತಿಗೆ ಬಂದೆ. ಸಣ್ಣ ಸಣ್ಣದಕ್ಕೂ ಅಕ್ಕನ ಮೇಲೆ ಹರಿಹಾಯುತ್ತಿದ್ದೆ. ಅವಳು, "ಕೆಲಸ ಭಾಳ ಆಗೈತಿ ಪಾಪ" ಎಂದು ತನಗೆ ತಾನೇ ಹೇಳಿಕೊಂಡು ಸುಮ್ಮನಾಗುತ್ತಿದ್ದಳು. ಅವಳು ತಿರುಗಿ ಬೈದಿದ್ದರೆ ಚೆನ್ನಾಗಿತ್ತು. ಬೆಳಿಗ್ಗೆ ಕಸ ಹೊಡೆಯುವಾಗಲೂ ಅವಳ ಬಾಯಲ್ಲಿ ಬೈಗುಳ ಇರಲಿಲ್ಲ. ಅದು ಯಾವಾಗ ನಿಂತಿತು ಎಂದು ನಾನು ಗಮನಿಸಿಯೂ ಇರಲಿಲ್ಲ.

ಸವದತ್ತಿಯ ಒಂದು ಶಾಲೆಯವರು ಮಕ್ಕಳಿಗೆ ಒಂದು ದಿನ ಚಿತ್ರ ಕಲಿಸಲು ಕರೆದರು. ಅದಕ್ಕೂ ಬೇಡ ಎನ್ನಲಿಲ್ಲ, ಹೋದೆ. ಮುಗಿಸಿಕೊಂಡು ಬಸ್ ನಿಲ್ದಾಣದಲ್ಲಿ ನಿಂತಿದ್ದೇನೆ, ದೇವಿಯ ಗುಡ್ಡದಿಂದ ಇಳಿದ ಜನ ಹಣೆಯ ತುಂಬ ಭಂಡಾರದ ಅರಿಸಿನ ಬಡಿದುಕೊಂಡು ಬಸ್ಸಿಗೆ ನುಗ್ಗುತ್ತಿದ್ದಾರೆ, ಆಗ ಬೆಂಗಳೂರಿನಿಂದ ಫೋನು ಬಂತು. ಪತ್ರಿಕೆಯ ಸಂಪಾದಕರು ಒಳ್ಳೆಯವರೇ, ತಡವರಿಸುತ್ತಲೇ ಹೇಳಿದರು. ಪ್ರತಿ ತಿಂಗಳೂ ತಡವಾಗುತ್ತಿದೆ, ಅಚ್ಚಿನವರು ಕಾಯುವುದಿಲ್ಲ, ಕತ್ತೆಮರಿಯನ್ನು ಬೇರೆಯವರಿಗೆ ಕೊಟ್ಟಿದ್ದೇವೆ. ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ ಎಂದುಕೊಂಡು ಇನ್ನೊಮ್ಮೆ ಹೇಳಿದರು. "ಕೇಳಿಸ್ತು ಸರ್" ಎಂದೆ. ನಾವಿಬ್ಬರೂ ಕೂಡಿ ಮಾಡಿದ ಮೊದಲನೆಯ ಕೆಲಸ ಅದು. ಅವಳ ಶಾಯಿ ಮೊದಲು ಬಿದ್ದದ್ದು ಆ ಕತ್ತೆಯ ಮೇಲೆ.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ, "ಈ ತಿಂಗಳ ಕತ್ತೀಮರಿ ಯಾವಾಗ ಕೊಡ್ತೀ?" ಎಂದು ಕೇಳಿದಳು. "ನಾಳೆ" ಎಂದೆ. ಮರುದಿನ ಕುಳಿತು ಬರೆದೆ. ಯಾರೂ ಕೇಳದ ಕತೆ, ಯಾರೂ ಅಚ್ಚು ಹಾಕದ ಪುಟ. ಕೈ ಕಿತ್ತುಹೋಗುವ ಹಾಗೆ ನೋಯುತ್ತಿದ್ದರೂ ಒತ್ತಿ ಒತ್ತಿ ಎಳೆದು ಅಕ್ಕನ ಮುಂದಿಟ್ಟು, ಮುಂಬಯಿಯ ಪುಟಗಳಿಗಾಗಿ ಸ್ಟುಡಿಯೊಕ್ಕೆ ಓಡಿದೆ.

ಅದರ ಮರುದಿನ ಬೆಳಿಗ್ಗೆ ಎಚ್ಚರವಾದಾಗ ಅಕ್ಕ ಕಸ ಹೊಡೆಯುತ್ತಿದ್ದಳು. ಕಸಬರಿಗೆಯ ಸಪ್ಪಳ ನಡುವೆಯೇ ನಿಂತಿತು. ಎದ್ದು ನೋಡಿದರೆ ಮೇಜಿನ ಹತ್ತಿರ ನೆಲದ ಮೇಲೆ ಕುಳಿತಿದ್ದಾಳೆ. ತೊಡೆಯ ಮೇಲೆ ನಿನ್ನೆ ಕೊಟ್ಟ ಕತ್ತೆಮರಿಯ ಹಾಳೆ, ಬೋರಲಾಗಿ. ಶಾಯಿ ಹಾಕಿರಲಿಲ್ಲ.

"ಬಾ ಇಲ್ಲೆ, ಕುಂದ್ರು" ಅಂದಳು.

ಕುಳಿತೆ.

"ನಿನ್ನ ಗೆರಿ ಅಳಗ್ಯಾಡೇತಿ. ಹಿಂದ ಎಂದೂ ಹಿಂಗ ಇರಲಿಲ್ಲ. ಕೈ ನಡಗಾಕತ್ತೇತಿ ಹೌದಿಲ್ಲೊ?"

"ಸ್ವಲ್ಪ ನೋವೈತಿ. ಹೋಗತೈತಿ ಬಿಡು."

"ಇನ್ನ ಸಾಕು. ಎರಡೆರಡು ಸಲ ಎಳೀಬ್ಯಾಡ."

"ಯಾರ ಹೇಳಿದ್ರು? ಕಾಕಾ ಹೇಳಿದ್ರೇನು?"

"ಯಾರ ಯಾಕ ಹೇಳಬೇಕ? ದಿನಾ ಕಸ ಹೊಡಿಯಾಕಿ ನಾ. ಕಸದಾಗ ರಬ್ಬರಿನ ಪುಡಿ ಬರೂದು ನಿಂತು ಭಾಳ ದಿವ್ಸ ಆತು. ಮೊದಲ ಅನಕೊಂಡ್ನಿ, ಹೊಸಾ ನಮೂನಿ ರಬ್ಬರ್ ತಂದಿರಬೇಕು ಅಂತ. ಆಮ್ಯಾಲ ತಿಳೀತು. ರಬ್ಬರ್ ಹಾಕಲಾರದ ಹಾಳಿ ಅಚ್ಚಿಗೆ ಹೆಂಗ ಹೋಗತೈತಿ?"

ಮೂರು ಕಡೆಯವರ ಕಣ್ಣಿಗೆ ಮಣ್ಣೆರಚಿದ್ದೆ. ಅಕ್ಕನ ಬರಿಗಾಲು ನನ್ನ ನೆನಪಿಗೇ ಬಂದಿರಲಿಲ್ಲ. ಅಚ್ಚಿಗೆ ಹೋಗದ ಪುಟಕ್ಕೆ ರಬ್ಬರ್ ಯಾಕೆ ಎಂದು, ಅಷ್ಟು ಹೊತ್ತು ಉಳಿಯಿತೆಂದು ಬಿಟ್ಟಿದ್ದೆ.

"ಗೊತ್ತಿದ್ದೂ ಯಾಕ ಎಳಕೋತ ಕುಂತಿ ಅಕ್ಕಾ?"

"ಬಿಡಾಕ ಮನಸ್ಸಾಗಲಿಲ್ಲ" ಅಂದಳು. ಹಾಳೆಯ ಅಂಚು ಸವರುತ್ತ, "ನೀ ಆಣಿ ಮಾಡಿದ್ದಿ, ನಡಸಾಕತ್ತಿದ್ದಿ. ನಾನೂ ಸುಮ್ನಿದ್ನಿ. ಆದ್ರ ನಿನ್ನ ಕೈ ಹೋದ್ರ ಈ ಮನ್ಯಾಗ ಉಳಿಯೂದೇನು?" ಎಂದಳು.

ನಾನು ಅವಳ ತೊಡೆಯ ಮೇಲಿನ ಹಾಳೆಯನ್ನು ಎತ್ತಿ ಮೇಜಿನ ಮೇಲಿಟ್ಟೆ.

"ನನ್ನ ಹಾಳಿ ಎಲ್ಲೆ ಇಟ್ಟೀ? ತಗೊಂಡ ಬಾ. ರಬ್ಬರ್ ಹಾಕು. ಕೆಲಸ ಅರ್ಧಕ್ಕ ಬಿಡಬಾರದು."

ಕಪಾಟಿನ ಮೇಲಿನಿಂದ ಇಳಿಸಿ ತಂದೆ. ಎರಡೂ ತೋಳಲ್ಲಿ ಅಪ್ಪಿಕೊಂಡು ತರುವಷ್ಟಿತ್ತು. ಚಾಪೆಯ ಮೇಲೆ ಕುಳಿತು ಒಂದೊಂದೇ ಹಾಳೆಗೆ ರಬ್ಬರ್ ಹಾಕತೊಡಗಿದೆ. ಅಕ್ಕ ಎದುರಿಗೆ ಕುಳಿತು, ಉದುರುವ ಪುಡಿಯನ್ನು ಅಂಗೈಯಿಂದ ಒಂದು ಕಡೆ ಗುಡ್ಡೆ ಮಾಡುತ್ತಿದ್ದಳು. ನನ್ನ ಪೆನ್ಸಿಲ್ ಇರುವವರೆಗೆ ಆ ಪುಟಗಳಲ್ಲಿ ಏನಿರಬೇಕಿತ್ತೆಂದಾದರೂ ಕಾಣುತ್ತಿತ್ತು. ಅದು ಅಳಿಸಿಹೋದ ಮೇಲೆ ಅವಳ ಶಾಯಿ ಮಾತ್ರ ಉಳಿಯಿತು.

"ಹೆಂಗ ಬಂದೈತಿ?"

"ಛಲೋ..." ಎನ್ನುವಷ್ಟರಲ್ಲಿ ನನ್ನ ಮೊಣಕಾಲಿಗೆ ಪಟ್ಟನೆ ಒಂದು ಏಟು ಬಿತ್ತು.

"ಖರೇ ಹೇಳು."

"ಕೆಟ್ಟ ಬಂದೈತಿ ಅಕ್ಕಾ."

"ಎಲ್ಲೆ ಕೆಟ್ಟೈತಿ?"

"ಕಣ್ಣು ಗಲ್ಲಕ್ಕ ಇಳದೈತಿ. ಕೈ ಒಂದು ಕಡೆ, ಬೆರಳು ಒಂದು ಕಡೆ."

"ಹೂಂ. ಮುಂದಿಂದು?"

"ಅದೂ ಹಂಗ ಐತಿ."

ಪ್ರತಿ ಹಾಳೆಗೂ ಕೇಳಿದಳು, ಪ್ರತಿ ಹಾಳೆಗೂ ಹೇಳಿದೆ. ಒಂದು ಸಲವೂ ದನಿ ಏರಿಸಲಿಲ್ಲ ಅವಳು. ರಾಕೆಟ್ಟು ಡೊಂಕಾಗಿದೆ ಎಂದಾಗ ಮಾತ್ರ, "ಅದು ನೀ ತಗದದ್ದ ಡೊಂಕಿತ್ತು" ಅಂದಳು. ಒಂದು ಕತ್ತೆಮರಿಯ ಹಿಂಗಾಲುಗಳು ಮೊದಲಿನ ಹಾಗೆಯೇ, ಒದೆಯುವ ಹಾಗೆಯೇ ಬಂದಿದ್ದವು. ಹೇಳಿದೆ. "ಖರೇನ?" ಎಂದು ಎರಡು ಸಲ ಕೇಳಿ, ಆ ಹಾಳೆಯನ್ನು ಇಸಿದುಕೊಂಡು ತೊಡೆಯ ಕೆಳಗೆ ಇಟ್ಟುಕೊಂಡಳು.

ಎಲ್ಲ ಮುಗಿಯುವ ಹೊತ್ತಿಗೆ ಬಿಸಿಲು ಒಳಮನೆಯವರೆಗೆ ಬಂದಿತ್ತು. ಅಕ್ಕ ಎದ್ದು ನಿಬ್ಬನ್ನು ನೀರಲ್ಲಿ ತೊಳೆದು, ಸೆರಗಿನಿಂದ ಒರೆಸಿ, ಟ್ರಂಕು ತೆಗೆದು ಕಸೂತಿಯ ಸೂಜಿಗಳ ಡಬ್ಬಿಯಲ್ಲಿ ಹಾಕಿದಳು. ಆಮೇಲೆ ಕಸಬರಿಗೆ ಹಿಡಿದು ಪುಡಿಯನ್ನೆಲ್ಲ ಗುಡಿಸಿ ತಗಡಿಗೆ ತುಂಬಿದಳು. ಒಂದು ಮುಷ್ಟಿ ಎತ್ತಿ, ಕೈಯಲ್ಲಿ ತೂಗಿ ನೋಡಿದಳು.

"ಯವ್ವಾ, ಇಷ್ಟೊಂದು ಕೆಲಸ ಮಾಡಿದ್ನೇನು ನಾ?"

"ಹೂಂ ಅಕ್ಕಾ."

"ಚೆಲ್ಲಿ ಬಾ ಹೋಗು."

ಓಣಿಯ ತುದಿಯ ತಿಪ್ಪೆಗೆ ಹೋಗಿ ಚೆಲ್ಲಿ ಬಂದೆ. ಒಳಗೆ ಬಂದಾಗ ಮೇಜಿನ ಹತ್ತಿರದ ತನ್ನ ಕುರ್ಚಿಯನ್ನು ಅವಳು ಗೋಡೆಗೆ ಸರಿಸಿಬಿಟ್ಟಿದ್ದಳು. ಅಡುಗೆಮನೆಯ ಹೊಸ್ತಿಲ ಪಕ್ಕ, ಕೈಗಳೆರಡನ್ನೂ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ನನ್ನ ಹೆಜ್ಜೆಯ ಸಪ್ಪಳ ಕೇಳಿ ಮುಖ ಎತ್ತಿ, ಸಾಲಹಳ್ಳಿಯಿಂದ ಬಂದ ಮೇಲೆ ಒಂದು ದಿನವೂ ಕೇಳದ ಮಾತು ಕೇಳಿದಳು.

"ಇವತ್ತ ಉಣ್ಣಾಕ ಏನ್ ಮಾಡ್ತೀ?"